ವಿದೇಶಿ ತಳಿ

ಪನೀರು ತೆಗೆದ ಮೇಲೆ ಉಳಿಯುವ ನೀರನ್ನು ಡೇರಿಯವರು ಚರಂಡಿಗೆ ಬಿಡುತ್ತಿದ್ದರು. ಅದರಲ್ಲಿ ಯೀಸ್ಟ್ ಬೆಳೆಸಿ ಪಶು ಆಹಾರ ಮಾಡಬಹುದೆಂದು ತೋರಿಸಿದವರು ಡಾ. ಪರಮಶಿವಯ್ಯ. ವಿದೇಶದಿಂದ ತರಿಸಿದ ತಮ್ಮ ಯೀಸ್ಟ್ ತಳಿಯನ್ನು ಹೋದಲ್ಲೆಲ್ಲ ಹೆತ್ತ ಮಗನಂತೆ ಹೊಗಳಿ, ಶಾಲು ಹೊದಿಸಿಕೊಂಡು ಬರುತ್ತಿದ್ದರು. ಮೆಚ್ಚಿದ ಡೇರಿ, ಅವರನ್ನು ಹಳೆಯ ಉಗ್ರಾಣದ ಕೋಣೆಯಿಂದ ಎಬ್ಬಿಸಿ, ಕನ್ನಡಿಯಂತೆ ಹೊಳೆಯುವ ಪ್ರಯೋಗಾಲಯ ಕಟ್ಟಿಸಿಕೊಟ್ಟಿತು. ಒಳಗೆ ತಿಂಡಿ ತರಬಾರದೆಂಬ ಫಲಕವನ್ನು ಬಾಗಿಲಿಗೆ ಅವರೇ ಹಾಕಿಸಿದರು. ಆದರೆ ಅಲ್ಲಿ ಯೀಸ್ಟ್ ಬೆಳೆಯಲೇ ಇಲ್ಲ, ಒಂದು ಸೀಸೆಯೂ ನೊರೆಗಟ್ಟಲಿಲ್ಲ.

ಡೇರಿಯ ಅಧ್ಯಕ್ಷರು ಪ್ರಯೋಗಾಲಯ ನೋಡಲು ಬರುವ ದಿನ ಹತ್ತಿರವಾಯಿತು. ಡಾಕ್ಟರು ಗಾಬರಿಯಿಂದ ಹಳೆಯ ಕೋಣೆಯ ಸೀಸೆಯೊಂದನ್ನು ಶಿಷ್ಯೆ ಸುಲೋಚನಾಳಿಗೆ ಪರೀಕ್ಷೆಗೆ ಕಳಿಸಿದರು. ಅವಳು ಫೋನು ಮಾಡಿದಳು.

“ಸರ್, ನಿಮ್ಮ ಫಾರಿನ್ ಯೀಸ್ಟು ಯಾವತ್ತೋ ಸತ್ತಿದೆ. ಇದರಲ್ಲಿ ಬೆಳೆದಿರೋದು ಮನೆ ಮೊಸರಲ್ಲಿರೋ ಯೀಸ್ಟು.”

“ನನ್ನ ಲ್ಯಾಬಿಗೆ ಮೊಸರು ಎಲ್ಲಿಂದಮ್ಮ ಬರುತ್ತೆ?”

“ಹಳೇ ರೂಮಲ್ಲಿದ್ದಾಗ ಊಟ ಎಲ್ಲಿ ಮಾಡ್ತಿದ್ರಿ ಸರ್?”

ಸೀಸೆಗಳ ಪಕ್ಕದಲ್ಲೇ ಕೂತು, ಮೊಸರನ್ನ ಕಲಸಿದ ಕೈಯಲ್ಲೇ ನಡುನಡುವೆ ಮುಚ್ಚಳ ತೆಗೆದು ನೋಡುತ್ತ. ಇಷ್ಟು ದಿನ ಸಭೆ ಸಭೆಯಲ್ಲಿ ತಾವು ಹೊಗಳಿದ್ದು ಹೆಣವನ್ನು, ದುಡಿದದ್ದು ಹೆಂಡತಿ ಹೆಪ್ಪು ಹಾಕಿದ ಮೊಸರು ಎಂದು ಡಾಕ್ಟರಿಗೆ ಹೊಳೆಯಿತು.

ಅಧ್ಯಕ್ಷರು ಬಂದಾಗ ಬಾಗಿಲಲ್ಲಿ ಫಲಕವಿರಲಿಲ್ಲ. ಒಳಗೆ ಸೀಸೆಗಳೆಲ್ಲ ನೊರೆಯುಕ್ಕಿಸುತ್ತಿದ್ದವು.

“ಬನ್ನಿ ಡಾಕ್ಟ್ರೇ, ಗೆಸ್ಟ್ ಹೌಸಲ್ಲಿ ಊಟ ಮಾಡ್ಸಿದೀನಿ.”

“ಬೇಡ ಸಾರ್. ನಾನು ಇಲ್ಲೇ ಕೂತು ಉಣ್ಣದಿದ್ರೆ ಯೀಸ್ಟು ಬೆಳೆಯೋದಿಲ್ಲ.”

ಅವರ ನಿಷ್ಠೆಗೆ ಮೆಚ್ಚಿ ಅಧ್ಯಕ್ಷರು ಅಲ್ಲೇ ಇನ್ನೊಂದು ಶಾಲು ಹೊದಿಸಿದರು.