ಎಡಗಡೆಯ ಬ್ರೇಕು

ಕಾರು ಓಡಿಸಲು ಬಾರದ ನಾನು ಕಾರು ಕಲಿಸುವವರ ವಿಷಯ ಹೇಳಹೊರಟಿದ್ದೇನೆ, ಮನ್ನಿಸಬೇಕು. ಅನಂತರಾಜು ನನಗೆ ಹೇಳಿದಂತೆಯೇ ಬರೆದಿದ್ದೇನೆ. ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ತಪ್ಪು ನನ್ನದು, ಅವರದಲ್ಲ.

ಗಂಗಾನಗರದ ಸಬೀರಾ ಮನೆಯ ಊಟದ ಮೇಜಿನ ಮೇಲೆ ದೇಶದ ನಕ್ಷೆ ಹರಡಿತ್ತು. ಫ್ಯಾನಿನ ಗಾಳಿಗೆ ಹಾರದಂತೆ ಕಾಶ್ಮೀರದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದರು. ಬೆಂಗಳೂರಿನಿಂದ ಹೊರಟ ಕೆಂಪು ಗೆರೆ ಪುಣೆ, ಉದಯಪುರ ದಾಟಿ ಜೈಸಲ್ಮೇರಿನ ಮರಳುಗಾಡಿಗೆ ಹೋಗಿ, ಅಲ್ಲಿಂದ ಕೆಳಗಿಳಿದು ಕಚ್ಛಿನ ಮಾಂಡವಿಯಲ್ಲಿ ಸಮುದ್ರ ಮುಟ್ಟುತ್ತಿತ್ತು. ಕಳೆದ ವರ್ಷ ತನಗೆ ಕಾರು ಕಲಿಸಿದ ಅನಂತರಾಜುವನ್ನು ಸಬೀರಾ ಕರೆಸಿದ್ದು ಈ ಗೆರೆ ತೋರಿಸಲಿಕ್ಕೆ. ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಜುಲೈನಲ್ಲಿ ನಿವೃತ್ತರಾಗಿದ್ದರು. ಜೊತೆಗೆ ಹೊರಟವರು ಅಕ್ಕ ಕನೀಜ್.

"ದಿನಕ್ಕೆ ಮುನ್ನೂರು ಕಿಲೋಮೀಟರ್, ಅದರ ಮೇಲೆ ಬೇಡ ಅಂತ ಸರ್. ಕತ್ತಲಾಗೋದ್ರೊಳಗೆ ಎಲ್ಲಾದ್ರೂ ಉಳ್ಕೋತೀವಿ. ಸರಿಯಿದ್ಯಾ?"

"ಸಮುದ್ರ ಬೇಕಂದ್ರೆ ಮಂಗಳೂರಿದೆಯಲ್ಲ ಮೇಡಂ. ಮರಳಲ್ಲಿ ಯಾಕೆ ಹೋಗ್ಬೇಕು?"

"ಆಪಾನ ಕೇಳಿ," ಎಂದು ಸಬೀರಾ ಅಕ್ಕನ ಕಡೆ ತಿರುಗಿದರು.

ಕನೀಜ್ ಕಿಟಕಿಯ ಕಡೆ ಕೈ ತೋರಿಸಿದರು. "ಒಂದು, ಎರಡು, ಮೂರು. ಎದುರಿಗೆ ಮೂರು ಅಪಾರ್ಟ್‌ಮೆಂಟ್. ಕಣ್ಣು ಬಿಟ್ರೆ ಯಾರದೋ ಬಾತ್‌ರೂಮ್ ಕಿಟಕಿ. ಸಾಯೋದ್ರೊಳಗೆ ಒಂದ್ಸಲ, ನೋಡಿದ್ರೆ ಏನೂ ಅಡ್ಡ ಬರದ ಜಾಗ ನೋಡ್ಬೇಕು ಸರ್. ಆಮೇಲೆ ಸಮುದ್ರ. ಆಮೇಲೆ ಇವಳು ನನ್ನ ಅಲ್ಲೇ ಬಿಟ್ಟು ಬಂದ್ರೂ ಪರವಾಗಿಲ್ಲ."

"ಬಿಟ್ಟು ಬರ್ತೀನಿ, ದಾರಿಯುದ್ದ ಹಿಂಗೇ ಮಾತಾಡ್ತಿದ್ರೆ," ಎಂದರು ಸಬೀರಾ. ಆಮೇಲೆ ಅನಂತರಾಜು ಕಡೆ ತಿರುಗಿ, "ಹೆಬ್ಬಾಳ ಫ್ಲೈಓವರ್ ಹತ್ತಿಸಿದೋಳು ನಾನು, ನೆನಪಿದೆಯಾ ಸರ್? ಹಿಂದೆ ಬಸ್ಸು, ಮುಂದೆ ಲಾರಿ, ಮಧ್ಯ ಏರಲ್ಲಿ ನಾವು. ಅವತ್ತಿಂದ ಯಾವ ರಸ್ತೆಗೂ ಹೆದರಿಲ್ಲ," ಎಂದರು.

ಅನಂತರಾಜು ಕೈಯಲ್ಲಿದ್ದ ಟೀ ಕೆಳಗಿಟ್ಟರು. ಕಲಿಸುವ ಕಾರಿನಲ್ಲಿ ಎಡಗಡೆ ಕೂತ ಮೇಷ್ಟರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅಂಜುವವರು ತಪ್ಪಿದರೆ ಅದನ್ನು ಸದ್ದಿಲ್ಲದೆ ಒತ್ತಿ, "ನೀವೇ ಮಾಡಿದ್ರಿ" ಎನ್ನುವುದು ಅವರ ಹನ್ನೆರಡು ವರ್ಷದ ಪದ್ಧತಿ. ಕಲಿತ ಮೇಲೆ ಸಬೀರಾ ಹೋಗಿದ್ದು ಯಲಹಂಕದವರೆಗೆ, ಅದೂ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ. ಈಗ ಅದೇ ಧೈರ್ಯದಲ್ಲಿ ಉದಯಪುರದ ಘಾಟಿ ಹತ್ತುತ್ತಾರೆ. ಹಿಂದೆ ಲಾರಿ ನಿಂತಿರುತ್ತದೆ. ಪಕ್ಕದಲ್ಲಿ ಕನೀಜ್ ಇರುತ್ತಾರೆ, ಬ್ರೇಕ್ ಇರುವುದಿಲ್ಲ.

"ಮೇಡಂ, ಬೈದ್ರೂ ಸರಿ, ಹೇಳ್ಬಿಡ್ತೀನಿ. ಅವತ್ತು ಏರಲ್ಲಿ ಎರಡು ಸಲ ನಿಂತ್ವಿ. ಮೊದಲನೇ ಸಲ ಗಾಡಿ ಹಿಂದಕ್ಕೆ ಜಾರ್ತಿತ್ತು. ಹಿಡಿದಿದ್ದು ನೀವಲ್ಲ, ನಾನು. ಎರಡನೇ ಸಲಾನೂ ನಾನೇ. ನಿಜ ಹೇಳಿದ್ರೆ ಮಾರನೇ ದಿನ ಕ್ಲಾಸಿಗೆ ಬರಲ್ಲ ಅಂತ ಸುಳ್ಳು ಹೇಳ್ದೆ."

ಕನೀಜ್ ಗೆರೆ ಎಳೆದ ಕೆಂಪು ಪೆನ್ನು ಕೆಳಗಿಟ್ಟರು. "ಯಾ ಅಲ್ಲಾ! ಹಂಗಾದ್ರೆ ಇಷ್ಟು ದಿನ ನಾನು ಯಾರ ಧೈರ್ಯದ ಮೇಲೆ ಪಕ್ಕದಲ್ಲಿ ಕೂತಿದ್ದು?"

ಸಬೀರಾ ನಗುತ್ತಿದ್ದರು. "ನನಗೆ ಗೊತ್ತಿತ್ತು ಸರ್."

"ಹೆಂಗೆ?"

"ನೀವು ಆ ಕಡೆ ಒತ್ತಿದ್ರೆ ಈ ಕಡೆ ಪೆಡಲ್ಲೂ ಇಳಿಯುತ್ತಲ್ವಾ! ನನ್ನ ಕಾಲ ಕೆಳಗಿಂದ ತಾನಾಗೇ ಇಳಿದು ಹೋಯ್ತು."

ಎರಡು ಪೆಡಲ್ಲೂ ಒಂದಕ್ಕೊಂದು ಸೇರಿವೆ ಎಂದು ಅನಂತರಾಜುವಿಗೆ ತಿಳಿಯದ್ದೇನಲ್ಲ. ಹೆದರಿದವರಿಗೆ ಅದು ತಿಳಿಯುವುದಿಲ್ಲ ಎಂದುಕೊಂಡೇ ಹನ್ನೆರಡು ವರ್ಷ ಕಳೆದಿದ್ದರು.

"ನಾನೂ ಹೊಸ ಹುಡುಗೀರಿಗೆ ಕೈ ಹಿಡಿದು ಇಂಜೆಕ್ಷನ್ ಹಾಕ್ಸಿ, ನೀನೇ ಹಾಕ್ದೆ ಅಂತಿದ್ದೆ ಸರ್. ಮೂವತ್ತನಾಲ್ಕು ವರ್ಷ ಅಂದೆ. ನನಗೆ ಹಂಗಂದಿದ್ದು ನೀವೊಬ್ರೇ." ಸಬೀರಾ ಬೆರಳ ತುದಿಯಿಂದ ಮೇಜನ್ನು ಮೆಲ್ಲಗೆ ಒತ್ತಿ ತೋರಿಸಿದರು. "ಪೆಡಲ್ ಎಷ್ಟು ಇಳೀತು, ಎಷ್ಟು ಹೊತ್ತು ನಿಲ್ತು, ಎಲ್ಲಾ ಕಾಲಿಗೆ ಗೊತ್ತಾಯ್ತು. ಎರಡನೇ ಸಲ ಅಷ್ಟೇ ಒತ್ತಿದೆ. ಅದು ನಾನೇ ಸರ್. ನಿಮ್ಮಿಂದ ಕಲಿತಿದ್ದು, ಆದ್ರೆ ನಾನೇ."

"ಇಲ್ಲ ಮೇಡಂ, ನನ್ನ ಕಾಲು ಬ್ರೇಕ್ ಮೇಲಿತ್ತು."

"ನಂದೂ ಇತ್ತು."

"ಇಬ್ರೂ ಒತ್ತಿರ್ತೀರ, ಗಾಡಿ ನಿಂತಿರುತ್ತೆ, ಬಿಡ್ರೀ," ಎಂದರು ಕನೀಜ್. "ಈಗ ಇವಳ ಕೈಲಿ ಆಗುತ್ತೋ ಇಲ್ವೋ, ಅದನ್ನ ಹೇಳಿ. ಆಗಲ್ಲ ಅಂದ್ರೆ ಈ ನಕ್ಷೆ ಮಡಚಿಡ್ತೀನಿ."

ಅನಂತರಾಜು ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು. ಕೊನೆಗೆ ಪೆನ್ನು ಕೇಳಿ ಪಡೆದು, ಜೈಸಲ್ಮೇರ್ ಪಕ್ಕದಲ್ಲಿ ಬರೆಯುತ್ತಾ ಹೇಳಿದರು: "ರಸ್ತೆ ಮೇಲೆ ಮರಳು ಬಂದಿದ್ರೆ ಜೋರಾಗಿ ಬ್ರೇಕ್ ಒತ್ಬೇಡಿ, ಹೂತ್ಕೊಳ್ಳುತ್ತೆ. ಆಕ್ಸಿಲರೇಟರ್ ಬಿಡಿ, ತಾನಾಗೇ ನಿಲ್ಲುತ್ತೆ." ಆಮೇಲೆ ತಲೆಯೆತ್ತದೆ, "ಈಗ ನೆನಪಾಗ್ತಿದೆ ಮೇಡಂ. ಎರಡನೇ ಸಲ ನಾನು ಒತ್ತೋಕೆ ಹೋದಾಗ ಪೆಡಲ್ ಆಗಲೇ ಕೆಳಗಿತ್ತು," ಎಂದರು.

ಸಬೀರಾ ಎರಡೂ ಕೈ ಜೋಡಿಸಿದರು. ಕನೀಜ್ ಟೀ ಬಿಸಿ ಮಾಡಲು ಎದ್ದರು.

ಅದು ಅವರಿಗೆ ನಿಜವಾಗಿ ನೆನಪಾದದ್ದೋ, ಮತ್ತೊಮ್ಮೆ "ನೀವೇ ಮಾಡಿದ್ರಿ" ಎಂದದ್ದೋ, ಕೇಳಲು ನನಗೆ ಬಾಯಿ ಬರಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ.