ಅಮ್ಮನ ಬ್ಯಾಟು

ಸಾಫ್ಟ್‌ಬಾಲ್ ಫೈನಲ್ ಶುರುವಾಗಲು ಹತ್ತೇ ನಿಮಿಷವಿತ್ತು. ಎಲ್ಲರ ಬ್ಯಾಟುಗಳ ತಪಾಸಣೆ ಮುಗಿದು, ಅಂಪೈರ್ ವಾರಿಜಾ ಅವರ ಕೈಯಲ್ಲಿ ಒಂದೇ ಒಂದು ಉಳಿದಿತ್ತು. ಇಪ್ಪತ್ತೈದು ವರ್ಷವಾದರೂ ಹಳೆಯದು. ಹಿಡಿ ಕೆಳಗೆ ಬಂದಂತೆ ಆಲಿಕೆಯ ಹಾಗೆ ಅಗಲವಾಗಿತ್ತು, ಒಪ್ಪಿಗೆಯ ಮುದ್ರೆ ಅಳಿಸಿಹೋಗಿತ್ತು.

"ಇದು ಯಾರದಮ್ಮಾ?"

"ನಮ್ಮಮ್ಮಂದು ಮೇಡಂ. ಅವ್ರು ಸ್ಟೇಟ್ ಆಡಿದ್ದು ಇದ್ರಲ್ಲೇ."

ಹುಡುಗಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗ್ಲೌಸಿನ ಪಟ್ಟಿ ಬಿಚ್ಚುತ್ತಿದ್ದಳು, ಮತ್ತೆ ಬಿಗಿಯುತ್ತಿದ್ದಳು, ಗ್ಯಾಲರಿಯ ಕಡೆ ತಿರುತಿರುಗಿ ನೋಡುತ್ತಿದ್ದಳು. "ಇದು ನಡೆಯಲ್ಲ ಅಲ್ವಾ ಮೇಡಂ?"

ವಾರಿಜಾ ಅವರಿಗೆ ಪಾಪ ಅನ್ನಿಸಿತು. "ಗಾಬರಿ ಆಗ್ಬೇಡ, ನೋಡೋಣ ತಾಳು" ಎಂದು ಬ್ಯಾಟನ್ನು ಅಳತೆಯ ರಿಂಗಿನೊಳಗೆ ತೂರಿಸಿದರು. ಸಲೀಸಾಗಿ ಹೋಯಿತು. ತೂಕ ಸರಿಯಿತ್ತು, ಎಲ್ಲೂ ಬಿರುಕಿರಲಿಲ್ಲ. ಮುದ್ರೆಯ ವಿಷಯಕ್ಕೆ ಸಂಘಟಕರಿಗೆ ಫೋನು ಮಾಡಿದರು. ಅವರು ಬೇಡವೆಂದರು. ಹಳೆಯ ಬ್ಯಾಟು, ಅಳತೆಯೆಲ್ಲ ಸರಿಯಿದೆ, ಮಗು ಆಸೆಯಿಂದ ತಂದಿದೆ ಎಂದು ವಾರಿಜಾ ವಾದ ಮಾಡಿ ಒಪ್ಪಿಸಿದರು.

"ಆಯ್ತು ಕಣಮ್ಮಾ, ಆಡಬಹುದು" ಎಂದು ನಗುತ್ತಾ ಬ್ಯಾಟನ್ನು ಚಾಚಿದರು.

ಹುಡುಗಿ ಕೈ ಮುಂದೆ ಮಾಡಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು:

"ಇದ್ರಲ್ಲಿ ನಂಗೆ ಒಂದು ಬಾಲೂ ಹೊಡೆಯಕ್ಕಾಗಲ್ಲ ಮೇಡಂ. ಅಮ್ಮ ಅಲ್ಲೇ ಕೂತಿದಾರೆ, ಅವ್ರಿಗೆ ಹೇಳೋ ಧೈರ್ಯ ನಂಗಿಲ್ಲ. ರೂಲ್ಸ್ ಪ್ರಕಾರ ಆಗಲ್ಲ ಅಂತ ನೀವೇ ಹೇಳ್ಬಿಡಿ."