ಸಂಡಿಗೆಗೆ ಬಿಸಿಲು

ದಿನಕ್ಕೆ ಒಂದೇ ಮನೆಗಾಗುವಷ್ಟು ಬಿಸಿಲು ಬೀದಿಗೆ ಬರುತ್ತಿದ್ದುದರಿಂದ ಸರದಿಯ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇತ್ತು. ಯಾರು ಬೇಕಾದರೂ ತಮ್ಮ ಹೆಸರನ್ನು ಬೆರಳಿನಿಂದ ಮೇಲಕ್ಕೆ ಎಳೆಯಬಹುದಿತ್ತು. ಆದರೆ ಮನೆಯಲ್ಲಿ ಕಾಯಿಲೆಯಿದ್ದರೆ ಮಾತ್ರ ಎಳೆಯುವುದು ಬೀದಿಯ ರೂಢಿ. ಪಂಕಜಮ್ಮನ ಅರಳು ಸಂಡಿಗೆಗೆ ಬೂಸ್ಟು ಹಿಡಿಯತೊಡಗಿತ್ತು. ದಾಟುವುದು ಒಂದೇ ಮನೆ ತಾನೇ ಎಂದುಕೊಂಡು, ಅಂದಿನ ಸರದಿಯಿದ್ದ ಪಕ್ಕದ ಮನೆಯ ಚಂದ್ರಿಕಾಳ ಹೆಸರಿನ ಮೇಲಕ್ಕೆ ತಮ್ಮದನ್ನು ಎಳೆದುಬಿಟ್ಟರು.

ಬಿಸಿಲು ಅವರ ಅಂಗಳಕ್ಕಿಳಿಯಿತು. ಸಂಡಿಗೆ ಹರವುತ್ತಿದ್ದಾಗ, ಕಾಮಾಲೆಯಾಗಿದ್ದ ಹಸುಗೂಸನ್ನು ಎತ್ತಿಕೊಂಡು ಚಂದ್ರಿಕಾ ಗೇಟಿನಾಚೆಯೇ ನಿಂತಳು.

"ನಿಮ್ಮ ಹೆಸರು ಮೇಲೆ ಹೋಗಿದ್ದು ನೋಡಿ ಗಾಬರಿಯಾಯ್ತು ಅಕ್ಕಾ. ಯಾರಿಗೆ ಹುಷಾರಿಲ್ಲ? ಮಗು ಇದೆ, ಒಳಗೆ ಬರಲ್ಲ. ಇವನಿಗೆ ನಾಳೆ ಬಿಸಿಲು ತೋರಿಸಿದ್ರಾಯ್ತು ಬಿಡಿ."

"ನನಗೇ ಕಣೇ," ಎಂದ ಪಂಕಜಮ್ಮ, ಅವಳ ಕಣ್ಣಿಗೆ ಬೀಳುವ ಮುಂಚೆ ಸಂಡಿಗೆಯ ಮೇಲೆಲ್ಲ ಕಂಬಳಿ ಹೊದಿಸಿದರು.